ಮೂರು ಕಡ್ಡಿ, ಮೂರು ತಿಂಗಳು

ಪತ್ರ: "ಇಕೆಬಾನ, ಅಂದ್ರೆ ಜಪಾನಿನ ಹೂ ಜೋಡಣೆ, ಅದರ ಕ್ಲಾಸಿಗೆ ಸೇರಿ ಮೂರು ತಿಂಗಳಾಯ್ತು ಸಾರ್. ಇನ್ನೂ ಅದೇ ಮೂರು ಕಡ್ಡಿ, ಅದೇ ಡಿಗ್ರಿ ಲೆಕ್ಕ. ನಾನು ಕಲೀತಿರೋದು ಸೊಗೆತ್ಸು ಪದ್ಧತಿ, ಅದನ್ನ ಶುರು ಮಾಡಿದ ಸೋಫು ತೆಶಿಗಹರ ಅವರೇ ಹಳೇ ರೂಲ್ಸ್ ಬಿಟ್ಟು ಹೊರಗೆ ಬಂದೋರಂತೆ. ಹಾಗಿದ್ಮೇಲೆ ನಮಗ್ಯಾಕೆ ರೂಲ್ಸು? ಫೀಸು ಬೇರೆ ಜಾಸ್ತಿ. ಯೂಟ್ಯೂಬ್ ನೋಡಿ ಮನೇಲೇ ಕಲಿಯೋಕಾಗಲ್ವಾ?" (ಓದುಗರೊಬ್ಬರು, ಬೆಂಗಳೂರು)

ಉತ್ತರ: ಫೀಸಿನ ಮಾತು ಒಪ್ಪಿದೆ. ಪ್ರತಿ ಹಂತಕ್ಕೂ ಸರ್ಟಿಫಿಕೇಟು, ಪ್ರತಿ ಸರ್ಟಿಫಿಕೇಟಿಗೂ ದುಡ್ಡು, ಅದು ಜಪಾನಿನ ಮುಖ್ಯ ಪೀಠದವರೆಗೂ ಹೋಗುತ್ತೆ, ಮಧ್ಯಮ ವರ್ಗದ ಮನೆಗೆ ಅದು ಭಾರವೇ. ಹತ್ತಿರದಲ್ಲಿ ಟೀಚರೇ ಇಲ್ಲದ ಊರಲ್ಲಿದ್ರೆ ವಿಡಿಯೋ ನೋಡಿ, ಬೇಡ ಅನ್ನಲ್ಲ.

ಆದ್ರೆ ನಿಮ್ಮ ಪತ್ರದ ಉಳಿದ ಭಾಗಕ್ಕೆ ನಾನು ಸುತಾರಾಂ ಒಪ್ಪಲ್ಲ ಕಣಮ್ಮ, ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳ್ತೀನಿ.

ಸೋಫು ಅವರ ಹೆಸರು ತಂದ್ರಲ್ಲ, ಅದು ಒಳ್ಳೇದಾಯ್ತು. ಅವರು ಹುಟ್ಟಿದ್ದು 1900ರಲ್ಲಿ, ಅಪ್ಪನೇ ಇಕೆಬಾನ ಗುರು, ಮಗ ಚಿಕ್ಕಂದಿನಿಂದ ಅಪ್ಪನ ಮುಂದೆ ಕೂತೇ ಕಲಿತದ್ದು. ಸ್ವಂತ ದಾರಿ ಹಿಡಿದು ಸೊಗೆತ್ಸು ಶುರು ಮಾಡಿದ್ದು 1927ರಲ್ಲಿ. ಅಷ್ಟು ವರ್ಷ ಕೈಗೆ ಅಭ್ಯಾಸ ಆದ್ಮೇಲೆ ಬಿಟ್ಟು ಬಂದ್ರು. ಆಮೇಲೆ ಕಬ್ಬಿಣ, ಕಲ್ಲು, ಒಣಗಿದ ಬೇರು ಏನು ಬೇಕಾದ್ರೂ ಇಕೆಬಾನಕ್ಕೆ ಬರಬಹುದು ಅಂತ ತೋರಿಸಿದ ಆ ಮನುಷ್ಯನ ಶಾಲೇಲೇ ಇವತ್ತಿಗೂ ಮೊದಲ ಪಾಠ ಏನು? ನಿಮಗೆ ಬೇಜಾರು ತರಿಸಿರೋ ಅದೇ ಮೂರು ಕಡ್ಡಿ. ಎಲ್ಲಕ್ಕಿಂತ ಉದ್ದದ ಕಡ್ಡಿ ಶಿನ್, ಅದು ನೆಟ್ಟಗಿನ ಗೆರೆಯಿಂದ 15 ಡಿಗ್ರಿ ಬಾಗಬೇಕು, ಮಧ್ಯದ್ದು ಸೋಯೆ 45, ಚಿಕ್ಕದು ಹಿಕಾಯೆ 75. ಬಟ್ಟಲಿನ ಅಗಲಕ್ಕೆ ಆಳ ಕೂಡಿಸಿ ಒಂದೂವರೆ ಪಟ್ಟು ಮಾಡಿದ್ರೆ ಶಿನ್‌ನ ಉದ್ದ, ಅಂದ್ರೆ 30 ಸೆಂಟಿಮೀಟರ್ ಅಗಲ, 6 ಆಳದ ಬಟ್ಟಲಿಗೆ 54 ಸೆಂಟಿಮೀಟರ್ ಕೊಂಬೆ, ಅದರ ಮುಕ್ಕಾಲು ಸೋಯೆ. ಸರಳೆ ವರಸೆ ಇದ್ದ ಹಾಗೆ ಇದು. ಸರಿಗಮ ಬೋರು ಅಂತ ಎದ್ದು ಹೋದ ಹುಡುಗನಿಗೆ ಆಲಾಪನೆ ಎಲ್ಲಿಂದ ಬರ್ಬೇಕು ಹೇಳಿ?

ನಾನೂ ಬೆಂಗಳೂರಲ್ಲೇ ಒಬ್ಬ ಹಿರಿಯ ಟೀಚರ್ ಹತ್ರ ಒಂದೂವರೆ ವರ್ಷ ಹೋಗಿದ್ದೆ. ಒಂದು ಶನಿವಾರ ಹಿತ್ತಲಿಂದ ಸೀಬೆ ಕೊಂಬೆ ತಗೊಂಡ್ಹೋದೆ, ಬುಡ ಓರೆಯಾಗಿ ಕತ್ತರಿಸಿ, ಕೆಂಜಾನಿನ (ಬಟ್ಟಲಿನ ತಳದಲ್ಲಿಟ್ಟು ಕೊಂಬೆ ಚುಚ್ಚಿ ನಿಲ್ಲಿಸೋ ಮೊಳೆಯ ಬಿಲ್ಲೆ) ಮೊಳೆಗಳ ಮೇಲೆ ಮೊದಲು ನೆಟ್ಟಗೆ ಒತ್ತಿ ಆಮೇಲೆ ಬಾಗಿಸಿದೆ, ಅಳತೆ ಸರಿ, ಡಿಗ್ರಿ ಸರಿ, ಆದ್ರೂ ಏನೋ ಗಿಜಿಗಿಜಿ. ಟೀಚರಮ್ಮ ಬಂದು ನಿಂತ್ರು. ಮಾತಿಲ್ಲ. ಬಗ್ಗಿ ಆ ಕಡೆಯಿಂದ ಒಂದ್ಸಲ, ಈ ಕಡೆಯಿಂದ ಒಂದ್ಸಲ ನೋಡಿದ್ರು, ಕತ್ತರಿ ತಗೊಂಡು ಒಳಮಗ್ಗುಲಿನ ಎರಡೇ ಎಲೆ ಟಕ್ ಟಕ್ ಅಂತ ತೆಗೆದ್ರು. ಅಷ್ಟೇ! ಅಲ್ಲಿವರೆಗೂ ಎಲೆ ಹಿಂದೆ ಮುಚ್ಚಿಹೋಗಿದ್ದ ಕೊಂಬೆಯ ಬಾಗು ಕಾಣ್ತು, ನಮ್ಮ ಹಿತ್ತಲಿನ ಸೀಬೆ ಮರಾನ ನಾನು ಮೊದಲನೇ ಸಲ ನೋಡ್ದಂಗಾಯ್ತು. ವಿಡಿಯೋದವರು ತೋರಿಸೋದು ಅವರ ಕೊಂಬೆ ಕಣಮ್ಮ, ನಿಮ್ಮ ಕೊಂಬೆ ಅವರಿಗೆ ಕಾಣಲ್ಲ. ಎರಡು ಕೊಂಬೆ ಒಂದೇ ಥರ ಇರಲ್ವಲ್ಲ, ಅದಕ್ಕೇ ಪಕ್ಕದಲ್ಲಿ ಒಬ್ಬರು ಬೇಕು.

ಇದು ನನ್ನೊಬ್ಬನ ಹಟ ಅಲ್ಲ, ಗುರುವಿನ ಬಾಯಿಂದಲೇ ಕಲಿಯೋದು ಇಕೆಬಾನದಲ್ಲಿ ಹಳೇ ಪದ್ಧತಿ. 1462ರಲ್ಲಿ ಇಕೆನೊಬೊ ಸೆಂಕೇಯ್ ಅನ್ನೋ ಸನ್ಯಾಸಿ ಚಿನ್ನದ ಹೂದಾನಿಯಲ್ಲಿ ಹತ್ತಾರು ಕೊಂಬೆ ಜೋಡಿಸಿದ್ರಂತೆ, ನೋಡೋಕೆ ಕ್ಯೋಟೋದ ರಸಿಕರು ಮುಗಿಬಿದ್ದರು ಅಂತ ಆ ಕಾಲದ ಇನ್ನೊಬ್ಬ ಸನ್ಯಾಸಿಯ ದಿನಚರಿಯಲ್ಲಿದೆ. ಆ ಇಕೆನೊಬೊ ಮನೆತನ ಇವತ್ತಿಗೂ ಕ್ಯೋಟೋದ ರೊಕ್ಕಾಕುದೋ ದೇವಸ್ಥಾನದಲ್ಲೇ ಇದೆ. ಅವರಲ್ಲೇ ಮುಂದೆ ಬಂದ ಸೆನ್ನೋ ಅವರ ಉಪದೇಶ 1542ರ ಹೊತ್ತಿಗೆ ಬರಹಕ್ಕೆ ಇಳೀತು, ಅದಕ್ಕೆ 'ಕುದೆನ್' ಅಂತಾರೆ. ಹಾಗಂದ್ರೆ ಬಾಯಿಂದ ಬಾಯಿಗೆ ಬಂದ ಪಾಠ. ಬರೆದಿಟ್ಟ ಮೇಲೂ ಹೆಸರು ಮಾತ್ರ ಬಾಯಿಪಾಠದ್ದೇ, ಇದು ನನಗೆ ಬಹಳ ಇಷ್ಟ.

ನನ್ನ ಸಂಕಟ ಹೂವಿಗಷ್ಟೇ ಅಲ್ಲ ನೋಡಿ. ವೀಣೆ ಮೂರು ತಿಂಗಳಲ್ಲಿ, ರಂಗೋಲಿ ವೀಕೆಂಡಲ್ಲಿ, ಭರತನಾಟ್ಯಕ್ಕೆ ಸೇರಿಸುವಾಗಲೇ ಅಪ್ಪ ಅಮ್ಮ ಕೇಳೋದು ರಂಗಪ್ರವೇಶ ಯಾವಾಗ ಅಂತ. ಲಾಲ್‌ಬಾಗ್ ಫ್ಲವರ್ ಶೋದಲ್ಲಿ ಇಕೆಬಾನ ಇಟ್ಟಿರ್ತಾರಲ್ಲ, ಅಲ್ಲಿ ನಿಂತು ಗಮನಿಸಿ, ಜನ ಫೋನ್ ಎತ್ತುತ್ತಾರೆ, ಕ್ಲಿಕ್ಕು, ಮುಂದಕ್ಕೆ ಹೋದ್ರು. ಒಂದು ಬಟ್ಟಲಿನ ಮುಂದೆ ಒಂದು ನಿಮಿಷ ನಿಲ್ಲೋಕಾಗಲ್ಲ ಅನ್ನೋ ಹಾಗಾಗಿಬಿಟ್ಟಿದೀವಿ, ಇದು ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತೆ ನಂಗೆ. ನೀವು ಆ ಗುಂಪಿನವರಲ್ಲ, ಇಲ್ದಿದ್ರೆ ಮೂರು ತಿಂಗಳು ಹೋಗ್ತಿರಲಿಲ್ಲ, ಬೇಜಾರು ಮಾಡ್ಕೊಂಡು ಪತ್ರಾನೂ ಬರೀತಿರಲಿಲ್ಲ.

ಟೀಚರ್ ಹತ್ರ ಫೀಸಿನ ವಿಷಯ ಬಾಯಿಬಿಟ್ಟು ಕೇಳಿ, ಸರ್ಟಿಫಿಕೇಟ್ ಸದ್ಯಕ್ಕೆ ಬೇಡ, ಪಾಠ ಮಾತ್ರ ಸಾಕು ಅನ್ನಿ. ಕೆಂಜಾನ್ ಕೊಳ್ಳೋದಾದ್ರೆ ಭಾರ ಇರೋದೇ ಕೊಳ್ಳಿ, ಹಗುರದ್ದು ಕೊಂಬೆ ಬಾಗಿಸಿದ ತಕ್ಷಣ ಮಗುಚಿಕೊಳ್ಳುತ್ತೆ. ಕಾಂಡಗಳನ್ನ ನೀರೊಳಗೇ ಕತ್ತರಿಸಿ. ಇನ್ನೊಂದು ಮೂರು ತಿಂಗಳು ಬಿಟ್ಟು ಅದೇ ಮೂರು ಕಡ್ಡಿಯ ಫೋಟೋ ಕಳಿಸಿ, ಈಗಿಂದೊಂದು ಆಗಿಂದೊಂದು ಪಕ್ಕಪಕ್ಕ ಹಾಕ್ತೀವಿ.