ಮಾಲೀಕರು ಬದಲಾದರೆ ಪತ್ರಿಕೆ ಕೆಟ್ಟಿತು ಅಂತಲೇ?

ಪ್ರಶ್ನೆ: ಸ್ವೀಡನ್‌ನ 'ಮಿಲ್ಯೋಆಕ್ಟುಯೆಲ್ಟ್' ಮೊದಲು ಅಲ್ಲಿನ ಸರ್ಕಾರಿ ಪರಿಸರ ಸಂರಕ್ಷಣಾ ಸಂಸ್ಥೆಯ ಪತ್ರಿಕೆಯಾಗಿತ್ತಂತೆ. ಈಗ ಹೆಸರು ಬದಲಾಗಿ 'ಆಕ್ಟುಯೆಲ್ ಹೋಲ್‌ಬಾರ್‌ಹೇತ್' ಆಗಿದೆ, ಬಿಸಿನೆಸ್ ಪ್ರಕಾಶಕರ ಕೈಯಲ್ಲಿದೆ. ಪರಿಸರವನ್ನು ಕಂಪನಿಗಳಿಗೆ ಮಾರಿಕೊಂಡಂತೆ ಆಗಲಿಲ್ಲವೇ?

ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕೇಳುವವರ ಮನಸ್ಸಿನಲ್ಲಿ ಉತ್ತರ ಮೊದಲೇ ರೆಡಿ ಇರುತ್ತದೆ. ಸರ್ಕಾರದ್ದಾದರೆ ಶುದ್ಧ, ಖಾಸಗಿಯಾದರೆ ಕಳ್ಳ. ಸ್ವಲ್ಪ ತಡೆಯಿರಿ.

ಈ ಪತ್ರಿಕೆಯನ್ನು ಯಾರು ಓದುತ್ತಾರೆ ನೋಡಿ. ನಗರಸಭೆಯ ಪರಿಸರ ಅಧಿಕಾರಿ, ಕಾರ್ಖಾನೆಯ ಪರಿಸರ ಮ್ಯಾನೇಜರ್, ಸಲಹೆಗಾರ, ವಕೀಲ. ಕಾಡು, ಹಕ್ಕಿ ಅಂತ ಕನಸು ಕಾಣುವವರ ಪತ್ರಿಕೆ ಇದಲ್ಲ, ವೃತ್ತಿಯವರದ್ದು. ಪರಿಸರ ಸಂಸ್ಥೆ ಹುಟ್ಟಿದ್ದು 1967ರಲ್ಲಿ. ಅದೇ ವರ್ಷ ಮಣ್ಣಿನ ವಿಜ್ಞಾನಿ ಸ್ವಾಂತೆ ಓಡೇನ್ ಆಮ್ಲ ಮಳೆಯ ಬಗ್ಗೆ ದಿನಪತ್ರಿಕೆಯಲ್ಲಿ ಬರೆದು ದೇಶವನ್ನೇ ಬೆಚ್ಚಿಬೀಳಿಸಿದರು. 1969ರಲ್ಲಿ ಪರಿಸರ ಕಾಯ್ದೆ ಬಂತು. ಆಗ ಸುದ್ದಿ ಅಂದರೆ ಪರವಾನಗಿ, ನಿಯಮ, ತಪಾಸಣೆ. ಅಂಥ ಕಾಲದಲ್ಲಿ ಸರ್ಕಾರಿ ಸಂಸ್ಥೆಯೇ ಪತ್ರಿಕೆ ತರುವುದು ಸಹಜ, ಅಲ್ವಾ?

ಆಮೇಲೆ ಮಾಲಿನ್ಯಕ್ಕೆ ಬೆಲೆ ಬಂತು. 1991ರಲ್ಲಿ ಇಂಗಾಲ ತೆರಿಗೆ, ಗಂಧಕ ತೆರಿಗೆ. 1992ರಲ್ಲಿ ನೈಟ್ರೋಜನ್ ಆಕ್ಸೈಡ್ (ಇಂಧನ ಉರಿಯುವಾಗ ಹುಟ್ಟುವ ಮಾಲಿನ್ಯ ಅನಿಲ) ಶುಲ್ಕ, ಆಗ ಕಿಲೋಗೆ 40 ಕ್ರೋನಾ (ಸ್ವೀಡನ್‌ನ ಹಣ). ಈ ಶುಲ್ಕವನ್ನೇ ಹತ್ತಿರದಿಂದ ನೋಡಿ. ದೊಡ್ಡ ಬಾಯ್ಲರ್ ಒಂದು ವರ್ಷಕ್ಕೆ 100 ಟನ್ ಉಗುಳಿದರೆ ಆಗಿನ ದರದಲ್ಲಿ ಬಿಲ್ಲು 40 ಲಕ್ಷ ಕ್ರೋನಾ. ಚಿಮಣಿಯಲ್ಲಿ ಮೀಟರ್ ಇರಬೇಕು. ಇಲ್ಲದಿದ್ದರೆ ಬೇಕೆಂದೇ ಜಾಸ್ತಿ ಇಟ್ಟ ಅಂದಾಜಿನ ಮೇಲೆ ಕಟ್ಟಬೇಕು. ಜಮೆಯಾದ ಹಣವನ್ನು ಸರ್ಕಾರ ಇಟ್ಟುಕೊಳ್ಳುವುದಿಲ್ಲ. ಆಡಳಿತದ ಸಣ್ಣ ಖರ್ಚು ಕಳೆದು, ಯಾರು ಎಷ್ಟು ಉಪಯುಕ್ತ ಶಕ್ತಿ ತಯಾರಿಸಿದರೋ ಅದರ ಲೆಕ್ಕದಲ್ಲಿ ಬಾಯ್ಲರಿನವರಿಗೇ ವಾಪಸ್. ಶಕ್ತಿಯ ಲೆಕ್ಕದಲ್ಲಿ ಪಕ್ಕದವನಿಗಿಂತ ಕಡಿಮೆ ಹೊಗೆ ಬಿಟ್ಟರೆ ಲಾಭ, ಜಾಸ್ತಿ ಬಿಟ್ಟರೆ ನಷ್ಟ. ಬರ್ನರ್ ತಿರುವುವ ಆಪರೇಟರ್ ಕೂಡ ಈಗ ಅಕೌಂಟೆಂಟ್ ಜೊತೆ ಮಾತಾಡಲೇಬೇಕು.

ಪರಿಸರ ಸುದ್ದಿ ಬಿಸಿನೆಸ್ ಸುದ್ದಿಯಾದದ್ದು ಹೀಗೆ. ಮಾಲೀಕರು ಬದಲಾದದ್ದು ಆಮೇಲಿನ ಮಾತು. ಪತ್ರಿಕೆ ಖಾಸಗಿಯವರ ಕೈಗೆ ಹೋಯಿತು, ಈಗ ಬಾನಿಯೇರ್ ಎಂಬ ಮಾಧ್ಯಮ ಗುಂಪಿನಲ್ಲಿದೆ. ಜಾಹೀರಾತುದಾರರ ಒತ್ತಡ ಇರುವುದಿಲ್ಲವೇ? ಇದ್ದೇ ಇರುತ್ತದೆ. ಸರ್ಕಾರಿ ಸಂಸ್ಥೆ ತನ್ನ ತಪ್ಪನ್ನು ತನ್ನದೇ ಪತ್ರಿಕೆಯಲ್ಲಿ ದೊಡ್ಡದಾಗಿ ಛಾಪಿಸುತ್ತಿತ್ತು ಅಂದುಕೊಂಡಿದ್ದೀರಾ? ಸ್ವೀಡನ್‌ನಲ್ಲಿ ಓದುಗರನ್ನು ಕಾಪಾಡುವುದು ಮಾಲೀಕರ ಒಳ್ಳೆಯತನವಲ್ಲ. ಸರ್ಕಾರಿ ಕಡತವನ್ನು ಯಾರು ಬೇಕಾದರೂ ಕೇಳಿ ಪಡೆಯುವ ಹಕ್ಕು ಅಲ್ಲಿ 1766ರಿಂದ ಇದೆ. ಲೇಖನ ನಂಬಿಕೆ ಬರದಿದ್ದರೆ ಕಡತ ತರಿಸಿ ನೋಡಬಹುದು.

ನನ್ನ ಸಲಹೆ: ಯಾರ ಪತ್ರಿಕೆ ಎನ್ನುವುದಕ್ಕಿಂತ, ಆ ಲೇಖನಕ್ಕೆ ದುಡ್ಡು ಕೊಟ್ಟವರು ಯಾರು ಅಂತ ಮೊದಲು ನೋಡಿ. ಪ್ರಾಯೋಜಿತ ಪುಟವನ್ನು ನಾನು ಓದುವುದೇ ಇಲ್ಲ.

ಪ್ರಶ್ನೆ: ಈ ಪತ್ರಿಕೆಯ ನಗರಗಳ ರ‍್ಯಾಂಕಿಂಗಿನಲ್ಲಿ ಹೆಲ್ಸಿಂಗ್‌ಬೋರ್ಗ್ ಮೊದಲು ಬಂದಿದೆ. ಅಲ್ಲಿನ ಗಾಳಿಯೇ ಅತಿ ಶುದ್ಧವೇ?

ಅಲ್ಲ. ಅದು ಆಡಳಿತದ ಪರಿಸರ ಕೆಲಸಕ್ಕೆ ಕೊಟ್ಟ ಅಂಕ. ಅದರಲ್ಲಿ ದೊಡ್ಡ ಪಾಲು ನಗರಸಭೆಯವರೇ ತುಂಬಿ ಕಳಿಸಿದ ಪ್ರಶ್ನಾವಳಿಯದ್ದು.

ಪ್ರಶ್ನೆ: ಇದೆಲ್ಲ ಗ್ರೇಟಾ ಥನ್‌ಬರ್ಗ್ ಪ್ರಭಾವವೇ?

ಅವರು 2018ರಲ್ಲಿ ಪಾರ್ಲಿಮೆಂಟ್ ಮುಂದೆ ಕೂತಾಗ ಇಂಗಾಲ ತೆರಿಗೆಗೆ 27 ವರ್ಷ.

ಪ್ರಶ್ನೆ: ನಮ್ಮ ಕಂಪನಿಗೆ 'ಸ್ವೀಡಿಷ್ ಮಾದರಿ ನೆಟ್ ಝೀರೋ' (ಬಿಟ್ಟ ಇಂಗಾಲ ಕಳೆದು ಕೂಡಿ ಸೊನ್ನೆ ಅನ್ನುವ) ಸರ್ಟಿಫಿಕೇಟ್ ಕೊಡಿಸುತ್ತೇವೆ ಅಂತ ಒಬ್ಬ ಸಲಹೆಗಾರ ಬಂದಿದ್ದಾರೆ.

ಕಾಫಿ ಕೊಟ್ಟು ಕಳಿಸಿ. 'ನಿವ್ವಳ ಶೂನ್ಯ' ಅಂತ ಹಾಲಿನ ಪೊಟ್ಟಣದ ಮೇಲೆ ಹಾಕಿಕೊಂಡ ಆರ್ಲಾ ಕಂಪನಿಗೆ ಸ್ವೀಡನ್‌ನ ನ್ಯಾಯಾಲಯವೇ 2023ರಲ್ಲಿ ಹಾಗೆ ಪ್ರಚಾರ ಮಾಡಬೇಡಿ ಅಂದಿದೆ. ಇಂಥ ಸ್ಟಿಕ್ಕರ್ ಮಾರುವವರು ನಿಮ್ಮ ಚಿಮಣಿಯ ಕಡೆ ತಲೆ ಎತ್ತಿಯೂ ನೋಡುವುದಿಲ್ಲ.

ಪ್ರಶ್ನೆ: ಸ್ವೀಡಿಷ್ ಬಾರದೆ ಈ ಪತ್ರಿಕೆ ಓದಬಹುದೇ?

ಯಂತ್ರಾನುವಾದ ಸಾಕು. ಅಂಕಿ ಬಂದಲ್ಲಿ ಮಾತ್ರ ಮೂಲವನ್ನೇ ನೋಡಿ. ಅಲ್ಲಿ 2,5 ಅಂದರೆ ಎರಡೂವರೆ.