ಪ್ರವಾಸಿ ಕೈಪಿಡಿ ಈಗಲೂ ಬೇಕೆ?

ಪ್ರಶ್ನೆ: ಮೊಬೈಲಿನಲ್ಲೇ ಎಲ್ಲ ಮಾಹಿತಿ ಸಿಗುವಾಗ, ಉಡುಪಿಗೆ ಬರುವವರಿಗೆ ಮುದ್ರಿತ ಪ್ರವಾಸಿ ಕೈಪಿಡಿಯ ಅಗತ್ಯವಿದೆಯೆ?

ಉತ್ತರ: ಖಂಡಿತ ಇದೆ. ಲಂಡನ್ನಿನ ಜಾನ್ ಮರ್ರೆ ಪ್ರಕಾಶನವು 1836ರಲ್ಲಿ ಯುರೋಪ್ ಪ್ರಯಾಣಿಕರಿಗಾಗಿ ಕೈಪಿಡಿಗಳನ್ನು ಹೊರತರತೊಡಗಿತು. ನೋಡಬೇಕಾದುದನ್ನು ಏಕೆ ನೋಡಬೇಕೆಂದು ತಿಳಿಸುವುದೇ ಇಂಥ ಪುಸ್ತಕಗಳ ಮುಖ್ಯ ಕೆಲಸ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರು, ಅಲ್ಲಿನ ಕಂಬದಾಕಾರದ ಶಿಲೆಗಳು ಲಾವಾರಸ ತಣಿದು, ಕುಗ್ಗಿ, ಬಿರುಕುಬಿಟ್ಟಾಗ ರೂಪುಗೊಂಡವು ಎಂಬುದನ್ನು ಅರಿಯದೆ ಬರಿಯ ಫೋಟೊ ತೆಗೆದುಕೊಂಡು ಮರಳುವುದನ್ನು ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ. ಮಳೆಗಾಲದಲ್ಲಿ ಈ ದೋಣಿಗಳು ನಿಲ್ಲುತ್ತವೆ, ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ ನಡೆಯುವ, ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯ ಉತ್ಸವದ ವೇಳೆ ಕೃಷ್ಣಮಠದ ಸುತ್ತಲಿನ ರಥಬೀದಿ ಕಿಕ್ಕಿರಿದಿರುತ್ತದೆ ಎಂಬುದನ್ನೂ ಒಳ್ಳೆಯ ಕೈಪಿಡಿ ಹೇಳಬೇಕು. ದರ ಮತ್ತು ಸಮಯವನ್ನು ಮಾತ್ರ ಹೊರಡುವ ಮುನ್ನ ಫೋನಿನಲ್ಲೇ ವಿಚಾರಿಸಿಕೊಳ್ಳಿ.