ಏರ್ ರೈಫಲ್ ರೇಂಜ್: ಸಹಿ, ಹೊಣೆ, ವಿಮೆ

ಪ್ರಶ್ನೆ: 12 ವರ್ಷದ ಮಗಳನ್ನು 10 ಮೀಟರ್ ಏರ್ ರೈಫಲ್ ತರಬೇತಿಗೆ ಸೇರಿಸುತ್ತಿದ್ದೇನೆ. ‘ಯಾವುದೇ ಅನಾಹುತಕ್ಕೆ ಕ್ಲಬ್ ಹೊಣೆಯಲ್ಲ’ ಎಂಬ ಮುಚ್ಚಳಿಕೆಗೆ ಸಹಿ ಕೇಳುತ್ತಿದ್ದಾರೆ. ಹಾಕಿದರೆ ಮುಂದೆ ಏನೂ ಕೇಳುವಂತಿಲ್ಲವೇ?
– ಓದುಗರು, ಮೈಸೂರು

ಉತ್ತರ: ಖಂಡಿತ ಕೇಳಬಹುದು. ಆ ಸಹಿಯಿಂದ ನೀವು ಒಪ್ಪಿಕೊಳ್ಳುವುದು ಆಟದಲ್ಲೇ ಇರುವ ಅಪಾಯವನ್ನು, ರೇಂಜ್ (ಗುರಿ ಅಭ್ಯಾಸದ ಜಾಗ) ನಡೆಸುವವರ ನಿರ್ಲಕ್ಷ್ಯವನ್ನಲ್ಲ. ಮಗಳು ಅಪ್ರಾಪ್ತೆಯಾದ್ದರಿಂದ ಅವಳಿಂದಲೇ ಹಾಕಿಸಿಕೊಂಡ ಸಹಿಗೆ 1872ರ ಕರಾರು ಕಾಯ್ದೆಯಡಿ ಬೆಲೆಯಿಲ್ಲ. ನೀವು ಸಹಿ ಹಾಕುವಾಗ ‘ಕ್ಲಬ್‌ನ ನಿರ್ಲಕ್ಷ್ಯ ಹೊರತುಪಡಿಸಿ’ ಎಂದು ಬರೆದು, ಒಂದು ಪ್ರತಿ ಇಟ್ಟುಕೊಳ್ಳಿ.

ಕಾಗದಕ್ಕಿಂತ ಮೊದಲು ರೇಂಜನ್ನೇ ನೋಡಿ. ಏರ್ ರೈಫಲ್‌ನ ಗುಂಡು, ಅಂದರೆ ಪೆಲೆಟ್, ಅರ್ಧ ಗ್ರಾಂ ತೂಕದ ಸೀಸ. ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೋಗುತ್ತದೆ. ಗುರಿಹಲಗೆಯ ಚೌಕಟ್ಟಿನಲ್ಲಿ ಮೊಳೆಯ ತಲೆಯೋ ಸ್ಕ್ರೂವೋ ಎದ್ದಿದ್ದರೆ, ಹಿಂದಿನ ಉಕ್ಕಿನ ತಗಡು ಓರೆಯಾಗಿರದೆ ನೆಟ್ಟಗಿದ್ದರೆ, ಪೆಲೆಟ್ ಚೂರು ಹಿಂದಕ್ಕೆ ಸಿಡಿಯುತ್ತದೆ. ಕಣ್ಣು ಹೋಗಲು ಅಷ್ಟು ಸಾಕು. ಗುಂಡು ಹಾರಿಸದ ಹೊತ್ತಿನಲ್ಲಿ ಪ್ರತಿ ರೈಫಲ್‌ನ ನಳಿಗೆಯಲ್ಲಿ ಕಣ್ಣು ಕುಕ್ಕುವ ಬಣ್ಣದ ಸೇಫ್ಟಿ ಫ್ಲಾಗ್ (ಗುಂಡು ತುಂಬಿಲ್ಲವೆಂದು ತೋರಿಸುವ ಎಳೆ) ಇರಬೇಕು. ‘ಸ್ಟಾಪ್’ ಎಂದಾಗ ಎಲ್ಲರೂ ನಿಂತು, ‘ಅನ್‌ಲೋಡ್’ ಆದದ್ದನ್ನು ರೇಂಜ್ ಆಫೀಸರ್ ಒಬ್ಬೊಬ್ಬರದನ್ನೂ ನೋಡಿದ ಮೇಲೆಯೇ ಯಾರಾದರೂ ಮುಂದೆ ಹೋಗಬೇಕು. ಆ ಆಫೀಸರ್ ಫೋನ್ ನೋಡುತ್ತ ಕೂತಿದ್ದರೆ ಆ ರೇಂಜ್ ಬೇಡ. ರೈಫಲ್‌ನ ಗಾಳಿಯ ಸಿಲಿಂಡರ್ ಮೇಲಿನ ಅವಧಿ ಮುಗಿದಿದೆಯೇ ಎಂಬುದನ್ನೂ ಓದಿಕೊಳ್ಳಿ. ಒಳಗೆ 200 ಬಾರ್ ಒತ್ತಡವಿರುತ್ತದೆ.

ಪ್ರಶ್ನೆ: ಆರು ಲೇನ್‌ಗಳ ಏರ್ ರೈಫಲ್ ರೇಂಜ್ ತೆರೆಯುತ್ತಿದ್ದೇನೆ. ಏಜೆಂಟರು 1991ರ ಕಾಯ್ದೆಯ ಪಬ್ಲಿಕ್ ಲಯಬಿಲಿಟಿ ಪಾಲಿಸಿ ಮಾಡಿಸಿ ಎನ್ನುತ್ತಾರೆ. ಸರಿಯೇ?
– ಓದುಗರು, ಹುಬ್ಬಳ್ಳಿ

ಉತ್ತರ: ಅಲ್ಲ. ಅದು ಅಪಾಯಕಾರಿ ರಾಸಾಯನಿಕ ಬಳಸುವವರಿಗೆ. ನಿಮಗೆ ಬೇಕಾದದ್ದು ‘ನಾನ್-ಇಂಡಸ್ಟ್ರಿಯಲ್’ (ಕಾರ್ಖಾನೆಯಲ್ಲದ ಜಾಗಗಳ) ಪಬ್ಲಿಕ್ ಲಯಬಿಲಿಟಿ ಪಾಲಿಸಿ, ಅಂದರೆ ಬೇರೆಯವರಿಗಾದ ಹಾನಿಗೆ ನೀವು ಕೊಡಬೇಕಾದ ಪರಿಹಾರವನ್ನು ಭರಿಸುವ ವಿಮೆ. ನಳಿಗೆಯ ಒಳವ್ಯಾಸ 4.5 ಮಿ.ಮೀ. ಮತ್ತು ಗುಂಡಿನ ಶಕ್ತಿ 20 ಜೌಲ್ ಮೀರದ ಏರ್ ರೈಫಲ್‌ಗೆ 2016ರ ಶಸ್ತ್ರಾಸ್ತ್ರ ನಿಯಮಗಳಡಿ ಪರವಾನಗಿ ಬೇಕಿಲ್ಲ. ಹಾಗೆಂದು ಹೊಣೆ ಕಡಿಮೆಯಾಗದು.

ಪಾಲಿಸಿಯಲ್ಲಿ ಎರಡು ಮಿತಿ ಇರುತ್ತವೆ: ಒಂದು ಅಪಘಾತಕ್ಕೆ ಇಷ್ಟು, ಇಡೀ ವರ್ಷಕ್ಕೆ ಇಷ್ಟು. 20 ಲಕ್ಷವನ್ನು 1:1ರಲ್ಲಿ (ಎರಡೂ ಮಿತಿ ಒಂದೇ) ತೆಗೆದುಕೊಂಡರೆ, ಮೊದಲ ಅಪಘಾತಕ್ಕೇ ಅಷ್ಟೂ ಹೋದರೆ ಆ ವರ್ಷ ಬರಿಗೈ. 1:4 ಆದರೆ ವರ್ಷಕ್ಕೆ 80 ಲಕ್ಷ. ಅರ್ಜಿಯಲ್ಲಿ ‘ಕ್ರೀಡಾ ಅಕಾಡೆಮಿ’ ಎಂದು ಬರೆಯಬೇಡಿ, ‘ಏರ್ ರೈಫಲ್ ರೇಂಜ್’ ಎಂದೇ ಬರೆಯಿರಿ. ಮುಚ್ಚಿಟ್ಟರೆ ಕ್ಲೇಮ್ ತಿರಸ್ಕರಿಸಲು ಅದೇ ಕಾರಣ ಸಾಕು. ಒಬ್ಬ ಸದಸ್ಯನಿಂದ ಇನ್ನೊಬ್ಬನಿಗೆ ಆದ ಗಾಯಕ್ಕೂ ರಕ್ಷಣೆ ಇದೆಯೇ ಎಂದು ಲಿಖಿತವಾಗಿ ಕೇಳಿ. ಸಂಬಳದ ಕೋಚ್‌ಗೆ ಇದು ಅನ್ವಯಿಸದು, ನೌಕರರ ಪರಿಹಾರ ಪಾಲಿಸಿ ಬೇರೆಯೇ ಬೇಕು. ಅಪಘಾತವಾದರೆ ಮೊದಲು ಆಸ್ಪತ್ರೆ, ಕೂಡಲೇ ವಿಮಾ ಕಂಪನಿಗೆ ಲಿಖಿತ ಮಾಹಿತಿ. ಅವರನ್ನು ಕೇಳದೆ ‘ಇಷ್ಟು ಕೊಡುತ್ತೇನೆ’ ಎಂದು ಒಪ್ಪಿಕೊಂಡರೆ ಕ್ಲೇಮ್‌ಗೆ ತೊಡಕಾಗುತ್ತದೆ. ನಿರ್ಲಕ್ಷ್ಯದಿಂದ ಯಾರದಾದರೂ ಕಣ್ಣು ಹೋದರೆ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಮಿನಡಿ 3 ವರ್ಷದವರೆಗೆ ಸೆರೆಯಾಗಬಹುದು. ಅದನ್ನು ಯಾವ ಪಾಲಿಸಿಯೂ ಹೊರುವುದಿಲ್ಲ.

ಪ್ರಶ್ನೆ: ಮನೆಯವರ ಆರೋಗ್ಯ ವಿಮೆ ರೇಂಜ್‌ನಲ್ಲಾದ ಗಾಯಕ್ಕೆ ಸಿಗುತ್ತದೆಯೇ?
– ಓದುಗರು, ದಾವಣಗೆರೆ

ಉತ್ತರ: ಆರೋಗ್ಯ ಪಾಲಿಸಿಗಳ ಸಾಮಾನ್ಯ ಹೊರಗಿಡುವಿಕೆಯಾದ ‘ಎಕ್ಸ್‌ಕ್ಲೂಷನ್ 09’ ತಡೆಯುವುದು ವೃತ್ತಿಪರರಾಗಿ ಅಪಾಯದ ಕ್ರೀಡೆಯಲ್ಲಿ ತೊಡಗಿದವರನ್ನು. ಹವ್ಯಾಸಕ್ಕೆ ಕಲಿಯುವವರಿಗೆ ಆಸ್ಪತ್ರೆ ಖರ್ಚು ಕೇಳಲು ಅಡ್ಡಿಯಿಲ್ಲ. ಆದರೆ ಅದು ಚಿಕಿತ್ಸೆಯ ಖರ್ಚು ಮಾತ್ರ. ದೃಷ್ಟಿ ಹೋದದ್ದಕ್ಕೆ ಹಣ ಬರುವುದು ವೈಯಕ್ತಿಕ ಅಪಘಾತ ಪಾಲಿಸಿಯಿಂದ: ಸಾಮಾನ್ಯವಾಗಿ ಒಂದು ಕಣ್ಣಿಗೆ ವಿಮಾ ಮೊತ್ತದ ಶೇ. 50. ಅದರಲ್ಲಿ ಕ್ರೀಡೆಯ ಷರತ್ತು ಬೇರೆಯಾಗಿರಬಹುದು, ಓದಿಯೇ ಕೊಳ್ಳಿ.